‘ಚಲೋ ಐತ್ರಿ’ ಅಂತಾರೆ, ಫೋನ್ ಮಾತ್ರ ಮಗನ ಕೈಗೆ ಕೊಡ್ತಾರೆ

ಪ್ರಶ್ನೆ (ಹುಬ್ಬಳ್ಳಿ):
ನಮಸ್ಕಾರ ಮೇಡಂ. ನಾವು ನಾಲ್ಕು ಜನ ಸೇರಿ ಒಂದು ಆ್ಯಪ್ ಮಾಡ್ತಿದ್ದೇವೆ. ಮೆಣಸಿನಕಾಯಿ ತಂದ ರೈತರು ತಮ್ಮ ಲಾಟಿಗೆ (ಮಾರಲು ಇಟ್ಟ ರಾಶಿಗೆ) ಬಿದ್ದ ದರ, ತೂಕ, ಮಾರಾಟದ ಪಟ್ಟಿ ಎಲ್ಲಾ ಫೋನಿನಲ್ಲೇ ನೋಡಬಹುದು. ಬ್ಯಾಡಗಿಗೆ ಹೋಗಿ 11 ಜನರ ಕೈಗೆ ಕೊಟ್ಟೆವು. ಎಲ್ಲರೂ ಕೆಲಸ ಮುಗಿಸಿದರು, ‘ಚಲೋ ಐತ್ರಿ’ ಅಂದರು. ಆದರೆ ಆಮೇಲೆ ಮತ್ತೆ ತೆರೆದವರು ಇಬ್ಬರೇ. ಕೇಳಿದರೆ ‘ಮಗ ನೋಡ್ತಾನ ಬಿಡ್ರಿ’ ಅಂತಾರೆ. ತಲೆಗೆ ಎಷ್ಟು ಭಾರ ಆಗ್ತಿದೆ ಅಂತ ಅಳೆಯೋದು ಹೇಗೆ? ಕಣ್ಣು ಗಮನಿಸುವ ಯಂತ್ರ ಬಾಡಿಗೆಗೆ ತರಬೇಕಾ?

ಉತ್ತರ (ಧಾರವಾಡ, ಬಳಕೆದಾರರ ಸಂಶೋಧಕಿ):
ಯಂತ್ರ ಬೇಡ. ಲೆಕ್ಕ ಹಾಕುವಾಗ, ಅಂಕಿ ನೆನಪಿಟ್ಟುಕೊಳ್ಳುವಾಗ ಕಣ್ಣಿನ ಪಾಪೆ ಹಿಗ್ಗುತ್ತದೆ ಅನ್ನೋದು ನಿಜ. ಮನಶ್ಶಾಸ್ತ್ರಜ್ಞರಾದ ಕಾನಮನ್ ಮತ್ತು ಬೀಟಿ 1966ರಲ್ಲೇ ಅದನ್ನು ತೋರಿಸಿದ್ದಾರೆ. ಆದರೆ ಬೆಳಕು ಬದಲಾದರೂ ಪಾಪೆ ಬದಲಾಗುತ್ತದೆ. ಮಾರುಕಟ್ಟೆ ಬಿಸಿಲಲ್ಲಿ, ಮೆಣಸಿನಕಾಯಿ ಘಾಟಿಗೆ ಕಣ್ಣೀರು ಸುರಿಯುವಾಗ ಏನು ಅಳೀತೀರಿ?

ನಾನು ಮೊದಲು ನೋಡೋದು ಕೈ. ಒಂದು ಆ್ಯಪ್ ಪರೀಕ್ಷೆಯಲ್ಲಿ ಹಿರಿಯರೊಬ್ಬರಿಗೆ ಒಟಿಪಿ ಬಂತು. ಮೆಸೇಜ್ ತೆರೆದರು, ಆರು ಅಂಕಿ ಬಾಯಲ್ಲೇ ಗುನುಗಿಕೊಂಡು ಆ್ಯಪಿಗೆ ವಾಪಸ್ ಬಂದರು, ಮೂರು ಒತ್ತುವಷ್ಟರಲ್ಲಿ ಉಳಿದದ್ದು ಮರೆತುಹೋಯಿತು. ಎರಡನೇ ಸಲ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು. ಕೆಲಸ ಮುಗಿಯಿತು. ನಮ್ಮ ಹಾಳೆಯಲ್ಲಿ ‘ಯಶಸ್ವಿ’ ಅಂತ ಟಿಕ್ ಬಿತ್ತು! ನಿಮ್ಮ 11 ಟಿಕ್‌ಗಳಲ್ಲೂ ಇಂಥ ಅಂಗೈಗಳು ಎಷ್ಟಿವೆಯೋ ನೋಡಿ. ಗುನುಗೋದು, ಬೆರಳು ಗಾಳಿಯಲ್ಲೇ ನಿಲ್ಲೋದು, ಹಿಂದಿನ ಪುಟಕ್ಕೆ ಹೋಗಿ ಬರೋದು, ‘ನನಗ ಓದಾಕ ಅಷ್ಟ ಬರಂಗಿಲ್ರಿ’ ಅಂತ ತಮ್ಮನ್ನೇ ಬೈದುಕೊಳ್ಳೋದು, ಎಲ್ಲಾ ಬರೆದಿಡಿ. ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ಹೇಳಿದ ಹಾಗೆ ಒಂದೇ ಹೊತ್ತಿಗೆ ಮನಸ್ಸಿನಲ್ಲಿ ನಿಲ್ಲೋದು ಸುಮಾರು ನಾಲ್ಕು ಸಂಗತಿ, ಅಷ್ಟೇ.

ಕಲಿಕೆಯ ಮನಶ್ಶಾಸ್ತ್ರಜ್ಞ ಜಾನ್ ಸ್ವೆಲ್ಲರ್ ತಲೆಯ ಭಾರದ ಬಗ್ಗೆ 1988ರಿಂದ ಬೆಳೆಸಿದ ವಿಚಾರವೂ ನಿಮಗೆ ಬೇಕು. ಈ ದರಕ್ಕೆ ಕೊಡಲೋ, ಇನ್ನೊಂದು ದಿನ ಕಾಯಲೋ ಅನ್ನೋದು ರೈತರ ಕೆಲಸದ ಒಳಗೇ ಇರುವ ಭಾರ. ಅದನ್ನು ನೀವು ಇಳಿಸಲಾರಿರಿ. ಲಾಟ್ ನಂಬರ್ ಒಂದು ಪುಟದಲ್ಲಿ ಓದಿ ಇನ್ನೊಂದು ಪುಟದಲ್ಲಿ ಒತ್ತಬೇಕು ಅನ್ನೋದು ನೀವೇ ಹೇರಿದ ಭಾರ. ನಿಮ್ಮ ಹುಡುಕಾಟ ಇರಬೇಕಾದ್ದು ಇಲ್ಲಿ.

ಮರುಪ್ರಶ್ನೆ:
ಸರಿ ಮೇಡಂ. ಆದರೆ ಹಣ ಹಾಕಿದವರು ಅಂಕಿ ಕೇಳ್ತಾರೆ. ಕೆಲಸದ ಭಾರ ಅಳೆಯೋ ಪ್ರಶ್ನಾವಳಿ ನಾಸಾ ಟಿಎಲ್‌ಎಕ್ಸ್ ಬಳಸಬಹುದಾ?

ಉತ್ತರ:
ಬಳಸಬಹುದು, ಆದರೆ ಹಾಗೇ ಕನ್ನಡಕ್ಕೆ ಇಳಿಸಬೇಡಿ. ಹಾರ್ಟ್ ಮತ್ತು ಸ್ಟೇವ್‌ಲ್ಯಾಂಡ್ 1988ರಲ್ಲಿ ಪ್ರಕಟಿಸಿದ್ದು. ಆರು ಪ್ರಶ್ನೆ: ತಲೆಯ ಕೆಲಸ, ಮೈ ಕೆಲಸ, ಅವಸರ, ಎಷ್ಟು ಚೆನ್ನಾಗಿ ಮಾಡಿದೆ, ಎಷ್ಟು ಕಷ್ಟಪಟ್ಟೆ, ಎಷ್ಟು ಕಿರಿಕಿರಿ. ಪ್ರತಿ ಪ್ರಶ್ನೆಗೂ ಒಂದು ಗೆರೆ, ಅದರ ಮೇಲೆ ಗುರುತು ಹಾಕಬೇಕು. ಎಷ್ಟು ಚೆನ್ನಾಗಿ ಮಾಡಿದೆ ಅನ್ನೋದರ ಗೆರೆ ಮಾತ್ರ ಚೆನ್ನಾಗಿದೆ ಅನ್ನುವ ಕಡೆಯಿಂದ ಶುರುವಾಗುತ್ತದೆ. ಓದು ಬರಹ ಬಲ್ಲವರೇ ಅಲ್ಲಿ ಉಲ್ಟಾ ಗುರುತು ಹಾಕ್ತಾರೆ. ದಲಾಲಿ ಅಂಗಡಿಯ ಗುಮಾಸ್ತರಿಗೆ ಇದು ನಡೆದೀತು.

ರೈತರಿಗೆ ನಾನಾದರೆ ಒಂದೇ ಪ್ರಶ್ನೆ ಕೇಳ್ತೇನೆ. ಮೇಜಿನ ಮೇಲೆ ಏಳು ಶೇಂಗಾ ಇಡಿ. ‘ಹಗುರ ಆಗಿದ್ರೆ ಒಂದು, ತಲೆ ಬಿಸಿ ಆಗಿದ್ರೆ ಏಳೂ ಈ ಕಡೆ ಸರಿಸಿ’ ಅನ್ನಿ. ಪ್ರತಿ ಕೆಲಸ ಮುಗಿದ ಕೂಡಲೇ ಕೇಳಿ, ಚಹಾ ಕುಡಿದ ಮೇಲಲ್ಲ. (ಒಂದೆರಡು ತಿಂದೇ ಬಿಡ್ತಾರೆ, ಜಾಸ್ತಿ ಇಟ್ಟುಕೊಂಡಿರಿ.) ಈ ಅಂಕಿಯನ್ನು ಬೇರೆಯವರ ಅಂಕಿಗೆ ಹೋಲಿಸಬೇಡಿ. ನಿಮ್ಮದೇ ಹಳೇ ಪುಟ, ಹೊಸ ಪುಟ ಹೋಲಿಸಿದರೆ ಸಾಕು.

ಇನ್ನೊಬ್ಬ ಸದಸ್ಯರು (ಗದಗ):
ನಾವು ಮನಸ್ಸಿಗೆ ಬಂದದ್ದನ್ನೆಲ್ಲಾ ಹೇಳ್ತಾ ಬಳಸಿ ಅಂತೇವೆ. ಅದು ಸರಿನಾ?

ಉತ್ತರ:
ಎಲ್ಲಿ ತಪ್ಪು ತಿಳೀತಾರೆ ಅಂತ ಹುಡುಕೋಕೆ ಸರಿ. ಭಾರ ಅಳೆಯೋವಾಗ ಬೇಡ, ಮಾತಾಡೋದೇ ಇನ್ನೊಂದು ಕೆಲಸ ಆಗುತ್ತೆ ಅಲ್ವಾ? ಸುಮ್ನೆ ಬಳಸಲಿ. ಒಪ್ಪಿದರೆ ಪರದೆ ರೆಕಾರ್ಡ್ ಮಾಡಿ, ಆಮೇಲೆ ಅದನ್ನೇ ತೋರಿಸಿ ‘ಇಲ್ಲಿ ಯಾಕೆ ನಿಂತ್ರಿ ಯಜಮಾನ್ರೇ?’ ಅಂತ ಕೇಳಿ.

ಪ್ರಶ್ನೆ ಕೇಳಿದವರು:
ಬ್ಯಾಡಗಿಯಲ್ಲಿ ತೆಗೆದ ವಿಡಿಯೊ ಮತ್ತೆ ನೋಡಿದೆವು ಮೇಡಂ. ನಾಲ್ವರು ಲಾಟ್ ನಂಬರನ್ನು ಬೀಡಿ ಕಟ್ಟಿನ ಮೇಲೋ ಚೀಲದ ಮೇಲೋ ಬರೆದುಕೊಂಡಿದ್ದಾರೆ. ನಾವು ಗಮನಿಸಿಯೇ ಇರಲಿಲ್ಲ.