'ಅನಾಮಿಕ' ಬೇರೆ, 'ಮರೆಮಾಡಿದ್ದು' ಬೇರೆ ಅಲ್ವಾ?

ಗೆಳೆಯರೇ,

ವಿಮಾನ ಪ್ರಯಾಣಿಕರ ಮಾಹಿತಿಯನ್ನು ದೇಶದಿಂದ ದೇಶಕ್ಕೆ ಕೊಡುವ ಒಪ್ಪಂದಗಳ ಬಗ್ಗೆ ಬರೆಯಲು ಕೂತಿದ್ದೇನೆ. ಒಂದು ಪದದ ಹತ್ತಿರ ಬಂದು ಗಾಡಿ ನಿಂತಿದೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ಟಿಕೆಟ್ ಬುಕ್ ಮಾಡಿದ ಕೂಡಲೇ ಪಿಎನ್‌ಆರ್ ಹುಟ್ಟುತ್ತದೆ. ರೈಲಿನ ದೆಸೆಯಿಂದ ನಮ್ಮ ಕಿವಿಗೆ ಪಿಎನ್‌ಆರ್ ಅಂದರೆ ಬರೀ ಒಂದು ನಂಬರು. ಇಲ್ಲಿ ಅದು ಇಡೀ ದಾಖಲೆ: ಹೆಸರು, ಫೋನು, ದುಡ್ಡು ಕಟ್ಟಿದ ಬಗೆ, ಸೀಟು, ಲಗೇಜು, ಜೊತೆಗೆ ಹೊರಟವರು ಯಾರು ಎನ್ನುವುದು. ವಿಶೇಷ ಊಟ ಕೇಳಿದ್ದರೆ ಅದರ ಕೋಡ್ ಕೂಡ. ಎಂಒಎಂಎಲ್ ಅಂದರೆ ಮುಸ್ಲಿಂ ಊಟ, ಕೆಎಸ್‌ಎಂಎಲ್ ಅಂದರೆ ಯಹೂದಿಗಳ ಕೋಷರ್ ಊಟ. ನಾಲ್ಕು ಅಕ್ಷರದಲ್ಲಿ ಧರ್ಮವೂ ಗೊತ್ತಾಯಿತು ನೋಡಿ.

ಇಂಥದ್ದನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು ಎನ್ನುವುದೇ ಜಗಳದ ಬೇರು. ಐರೋಪ್ಯ ಒಕ್ಕೂಟದ 2016ರ ನಿಯಮದ ಪ್ರಕಾರ, ಆರು ತಿಂಗಳಾದ ಮೇಲೆ ದಾಖಲೆಯನ್ನು 'ಡಿಪರ್ಸನಲೈಸ್' ಮಾಡಬೇಕು. ಅಂದರೆ ಹೆಸರು, ವಿಳಾಸ, ಫೋನು ಮುಂತಾದವು ಕಾಣಬಾರದು. ಆದರೆ ಅಳಿಸುವುದಿಲ್ಲ. ನ್ಯಾಯಾಲಯವೋ ಅಧಿಕಾರ ಇರುವ ಬೇರೆ ಸಂಸ್ಥೆಯೋ ಒಪ್ಪಿದರೆ ಮತ್ತೆ ತೆರೆದು ನೋಡಬಹುದು. ಅಳಿಸುವುದು ಐದು ವರ್ಷಕ್ಕೆ. (2022ರಲ್ಲಿ ಒಕ್ಕೂಟದ ನ್ಯಾಯಾಲಯ ಇದಕ್ಕೂ ಕತ್ತರಿ ಹಾಕಿತು. ಅನುಮಾನಕ್ಕೆ ಆಧಾರವೇ ಇಲ್ಲದವರ ಮಾಹಿತಿಯನ್ನು ಆರು ತಿಂಗಳಿಗಿಂತ ಜಾಸ್ತಿ ಇಡುವಂತಿಲ್ಲ ಎಂದಿತು.)

ಈ 'ಡಿಪರ್ಸನಲೈಸ್'ಗೆ ನನ್ನ ಕೈ ತಾನಾಗಿ 'ಅನಾಮಿಕಗೊಳಿಸು' ಎಂದು ಬರೆಯಿತು. ಓದಿ ನೋಡಿದರೆ ತಪ್ಪು ಅನ್ನಿಸಿತು. ಮೂಗರ್ಜಿ ಬಂದರೆ ಅದನ್ನು ಬರೆದವರು ಯಾರೆಂದು ಅರ್ಜಿ ಕೈಯಲ್ಲಿ ಹಿಡಿದವರಿಗೂ ಗೊತ್ತಿರುವುದಿಲ್ಲ. ಅದು ಅನಾಮಿಕ. ಇಲ್ಲಿ ಹೆಸರು ಒಳಗೇ ಇದೆ, ಮೇಲೆ ಬಟ್ಟೆ ಹೊದಿಸಿದ್ದಾರೆ ಅಷ್ಟೇ. ಅನಾಮಿಕ ಎಂದು ಬರೆದರೆ ಓದುವವರಿಗೆ ಇಲ್ಲದ ಧೈರ್ಯ ಕೊಟ್ಟಂತೆ.

ಇದು ಬರೀ ಪದದ ಹಟ ಅಲ್ಲ. ಐರೋಪ್ಯ ಒಕ್ಕೂಟ ಅಮೆರಿಕದ ಜೊತೆ ಮಾಡಿಕೊಂಡ 2012ರ ಒಪ್ಪಂದದಲ್ಲಿ ಎರಡೂ ಬರುತ್ತವೆ. ಆರು ತಿಂಗಳಿಗೆ ಹೆಸರು ಮುಚ್ಚಬೇಕು. ದಾಖಲೆಯನ್ನು ಐದು ವರ್ಷ ಒಂದು ಸಂಗ್ರಹದಲ್ಲಿ, ಆಮೇಲೆ ಹತ್ತು ವರ್ಷದವರೆಗೆ ಇನ್ನೊಂದು ಸಂಗ್ರಹದಲ್ಲಿ ಇಡಬಹುದು. ಅದೂ ಮುಗಿದ ಮೇಲೆ, ವ್ಯಕ್ತಿಯನ್ನು ಮತ್ತೆಂದೂ ಹುಡುಕಲಾಗದಂತೆ ಗುರುತೆಲ್ಲ ತೆಗೆಯಬೇಕು. ಎರಡಕ್ಕೂ 'ಅನಾಮಿಕ' ಎಂದರೆ ನಡುವಿನ ಹದಿನಾಲ್ಕೂವರೆ ವರ್ಷ ಮಾಯ!

ನನಗೆ ಹೊಳೆದದ್ದು 'ಮರೆಮಾಡು'. ಇದರ ಲಾಭ ಏನೆಂದರೆ ತಿರುಗಿ ತೆರೆಯುವುದಕ್ಕೂ ಪದ ಸಿಕ್ಕಿಬಿಡುತ್ತದೆ: 'ಮರೆ ಸರಿಸು'. ಕೊನೆಯ ಹಂತಕ್ಕೆ 'ಗುರುತು ಅಳಿಸು'. 'ಮುಸುಕು ಹಾಕು' ಕೂಡ ಆಗಬಹುದಿತ್ತು, ಆದರೆ ಮುಸುಕು ಅಂದರೆ ಮುಖ ಮುಚ್ಚಿಕೊಂಡ ಕಳ್ಳನೇ ಕಣ್ಣಿಗೆ ಬರುತ್ತಾನೆ. ಇಲ್ಲಿ ಮುಚ್ಚಿಸಿಕೊಂಡವರು ಪಾಪದ ಪ್ರಯಾಣಿಕರು.

'ಪ್ರೈವಸಿ'ಗೆ ನಾನು 'ಖಾಸಗಿತನ'ವನ್ನೇ ಇಟ್ಟುಕೊಂಡಿದ್ದೇನೆ, 'ಗೌಪ್ಯತೆ' ಬಿಟ್ಟೆ. ಗುಟ್ಟಾಗಿ ಇಡುವುದು ಕಚೇರಿಯ ಕೆಲಸ, ಖಾಸಗಿತನ ಪ್ರಯಾಣಿಕನ ಹಕ್ಕು. ಮಾಹಿತಿಯನ್ನು ಭದ್ರವಾಗಿ ಗುಟ್ಟಾಗಿಟ್ಟುಕೊಂಡೇ ಖಾಸಗಿತನವನ್ನು ಮುರಿಯಬಹುದು. 'ಹಂಚಿಕೆ' ಮಾತ್ರ ಇನ್ನೂ ಗಂಟಲಲ್ಲಿ ಸಿಕ್ಕಿದೆ. ಹಂಚಿದರೆ ನಮ್ಮ ಪಾಲು ಕಡಿಮೆಯಾಗಬೇಕು ಅಲ್ವಾ? ಇಲ್ಲಿ ಕೊಟ್ಟವರ ಹತ್ತಿರವೂ ಹಾಗೇ ಉಳಿಯುತ್ತದೆ. 'ವಿನಿಮಯ' ಎನ್ನೋಣವೆಂದರೆ ಎಷ್ಟೋ ಕಡೆ ಪಿಎನ್‌ಆರ್ ಹೋಗುವುದು ಒಂದೇ ದಿಕ್ಕಿಗೆ. ಸದ್ಯಕ್ಕೆ 'ಮಾಹಿತಿ ಕೊಡುವುದು' ಎಂದೇ ಬರೆದಿದ್ದೇನೆ.

ಈಗ ನನ್ನ ಪ್ರಶ್ನೆ. ಒಂದು ವಾಕ್ಯದಲ್ಲಿ ಚಿಕ್ಕದಾಗಲಿ ಎಂದು 'ಮರೆಮಾಡು' ಬದಲು 'ಮರೆಸು' ಹಾಕಿದೆ: "ಆರು ತಿಂಗಳ ನಂತರ ಪ್ರಯಾಣಿಕರ ಹೆಸರನ್ನು ಮರೆಸಬೇಕು." ಬರೆದ ಮೇಲೆ ಅನುಮಾನ ಬಂತು. 'ಮರೆಸು' ಅಂದರೆ ಮುಚ್ಚಿಡು ಅಂತಲೂ ಆಗುತ್ತದೆ, ಮರೆಯುವಂತೆ ಮಾಡು ಅಂತಲೂ ಆಗುತ್ತದೆ. ಈ ವಾಕ್ಯ ಓದಿದಾಗ ನಿಮಗೆ ಮೊದಲು ಯಾವುದು ಹೊಳೆಯಿತು?