ಕೊಕೇನ್ ಬಿಡಿಸೋಕೆ ಫಿಟ್ಸ್ ಮಾತ್ರೆ: ಯಾರಿಗಾದರೂ ಗೊತ್ತಾ?

ಸುಮಾ, ನ್ಯೂಜೆರ್ಸಿ:
ನನ್ನ ತಮ್ಮನಿಗೆ ಕೊಕೇನ್ ಚಟ. ಈಗ ತಾನಾಗಿಯೇ ಬಿಡಬೇಕು ಅನ್ನುತ್ತಿದ್ದಾನೆ. ಡಾಕ್ಟರ್ ಟೋಪಿರಮೇಟ್ ಕೊಟ್ಟು ನೋಡೋಣ ಅಂದರು. ಅದು ಫಿಟ್ಸ್ ಮಾತ್ರೆ, ನಮ್ಮತ್ತೆ ಮೈಗ್ರೇನಿಗೆ ನುಂಗುತ್ತಾರೆ. ಇವನಿಗೆ ಫಿಟ್ಸ್ ಇಲ್ಲವಲ್ಲ! ಇದರಿಂದ ಉಪಯೋಗ ಇದೆಯಾ? ಹಾಸನದಿಂದ ಅಮ್ಮ ದಿನಾ ಫೋನ್ ಮಾಡುತ್ತಾರೆ, ಏನು ಹೇಳಲಿ?

ರಾಘು (ಫಾರ್ಮಸಿಸ್ಟ್):
ಸುಮಕ್ಕ, ಡಾಕ್ಟರ್ ಹೇಳಿದ್ದಕ್ಕೆ ಸ್ವಲ್ಪ ಆಧಾರ ಇದೆ. ಕೊಕೇನ್ ಮೆದುಳಿನಲ್ಲಿ ಡೋಪಮೈನ್ ಅನ್ನುವ, ಖುಷಿ ಕೊಡುವ ರಾಸಾಯನಿಕವನ್ನು ಏರಿಸುತ್ತದೆ. ಟೋಪಿರಮೇಟ್ ಮೆದುಳನ್ನು ಶಾಂತಗೊಳಿಸುವ ಗಾಬಾ ಅನ್ನುವ ರಾಸಾಯನಿಕದ ಕೆಲಸ ಹೆಚ್ಚಿಸಿ, ಕೆರಳಿಸುವ ಗ್ಲುಟಮೇಟ್‌ನ ಕೆಲಸ ತಗ್ಗಿಸುತ್ತದೆ. ಆಗ ಡೋಪಮೈನ್ ಅಬ್ಬರ ಇಳಿದು, ಬೇಕು ಬೇಕು ಅನ್ನುವ ಸೆಳೆತ ಕಡಿಮೆಯಾಗಬಹುದು ಅನ್ನುವ ಲೆಕ್ಕ. 2004ರಲ್ಲಿ ಫಿಲಡೆಲ್ಫಿಯಾದಲ್ಲಿ 40 ಜನರಿಗೆ ಕೊಟ್ಟು ನೋಡಿದರು. ಅರ್ಧ ಜನಕ್ಕೆ ಔಷಧ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಔಷಧ ಪಡೆದವರಲ್ಲಿ ಬಿಟ್ಟವರು ಜಾಸ್ತಿ. 2013ರಲ್ಲಿ ವರ್ಜೀನಿಯಾದವರು 142 ಜನರ ಮೇಲೆ ನೋಡಿದಾಗಲೂ ಸ್ವಲ್ಪ ಫಲ ಕಂಡಿತು.

ಆದರೆ ಅಮ್ಮನಿಗೆ ಭರವಸೆ ಕೊಡುವ ಮೊದಲು ಇದನ್ನೂ ಓದಿ. ವಿಗಾಬಾಟ್ರಿನ್ ಅಂತ ಇನ್ನೊಂದು ಫಿಟ್ಸ್ ಔಷಧ. 2009ರ ಮೆಕ್ಸಿಕೋ ಪರೀಕ್ಷೆಯಲ್ಲಿ ಕೊನೆಯ ಮೂರು ವಾರ ಪೂರ್ತಿ ಕೊಕೇನ್ ಮುಟ್ಟದವರು ಶೇ. 28, ಔಷಧವಿಲ್ಲದ ಮಾತ್ರೆಯವರಲ್ಲಿ ಶೇ. 7.5. ಎಲ್ಲರೂ ಖುಷಿಪಟ್ಟರು. ಅಮೆರಿಕದಲ್ಲಿ ದೊಡ್ಡದಾಗಿ ಮಾಡಿದಾಗ ವ್ಯತ್ಯಾಸವೇ ಸಿಗಲಿಲ್ಲ. ಮೇಲಾಗಿ ಅದು ಕಣ್ಣಂಚಿನ ನೋಟವನ್ನು ಶಾಶ್ವತವಾಗಿ ಕಸಿಯಬಲ್ಲದು. 2015ರಲ್ಲಿ, ಚಿಕಿತ್ಸೆಗಳ ಆಧಾರ ಪರಿಶೀಲಿಸುವ ಕಾಕ್ರೇನ್ ಅನ್ನುವ ಸಂಸ್ಥೆಯ ತಂಡ ಇಂಥ 20 ಪರೀಕ್ಷೆಗಳನ್ನು ಒಟ್ಟಿಗೆ ತೂಗಿತು. ಕೊಕೇನ್ ಚಟಕ್ಕೆ ಫಿಟ್ಸ್ ಔಷಧ ಕೊಡಲು ಸಾಕಷ್ಟು ಆಧಾರ ಇಲ್ಲ ಅಂದಿತು.

ಮಂಜುಳಾ (ಆಪ್ತ ಸಮಾಲೋಚಕಿ):
ಮಾತ್ರೆಗಿಂತ ಇನ್ನೊಂದು ವಿಧಾನಕ್ಕೆ ಬಲವಾದ ಆಧಾರ ಇದೆ. ಮೂತ್ರ ಪರೀಕ್ಷೆಯಲ್ಲಿ ಕೊಕೇನ್ ಕಾಣದಿದ್ದರೆ ಅಲ್ಲೇ ಕೂಪನ್ ಅಥವಾ ಬಹುಮಾನ ಕೊಡುವುದು. ಚಿಲ್ಲರೆ ಅನ್ನಿಸಬಹುದು, ನಿಜಕ್ಕೂ ಕೆಲಸ ಮಾಡುತ್ತದೆ. ಎಲ್ಲಿ ಸಿಗುತ್ತದೆ ಅಂತ ಡಾಕ್ಟರನ್ನೇ ಕೇಳಿ.

ಸುಮಾ:
ಥ್ಯಾಂಕ್ಸ್ ಇಬ್ಬರಿಗೂ. ಅವನು ಮಾತ್ರೆ ಶುರು ಮಾಡಿದರೆ ಏನು ನೋಡಿಕೊಳ್ಳಬೇಕು?

ರಾಘು:
ಬೆರಳು ಜುಮ್ಮೆನ್ನುವುದು, ಮಾತಾಡುವಾಗ ಪದ ಸಿಗದೆ ತಡವರಿಸುವುದು ಮಾಮೂಲು. ಕಿಡ್ನಿ ಕಲ್ಲು ಆಗಬಹುದು, ನೀರು ಚೆನ್ನಾಗಿ ಕುಡಿಯಲಿ. ಡೋಸ್ ನಿಧಾನಕ್ಕೆ ಏರಿಸುತ್ತಾರೆ, ಇಳಿಸುವುದೂ ಹಾಗೇ. ತಟ್ಟನೆ ನಿಲ್ಲಿಸಬಾರದು. ಕಣ್ಣು ನೋವು ಬಂದರೆ ಅಥವಾ ದೃಷ್ಟಿ ಮಂಜಾದರೆ ತಡಮಾಡದೆ ಎಮರ್ಜೆನ್ಸಿಗೆ ಹೋಗಿ. ಇನ್ನೊಂದು ಮಾತು ಅಕ್ಕ. ಅಲ್ಲಿ ಕೊಕೇನಿನಲ್ಲಿ ಫೆಂಟನಿಲ್ ಬೆರೆತಿರುವುದುಂಟು; ಅದು ಸ್ವಲ್ಪವೇ ಆದರೂ ಉಸಿರು ನಿಲ್ಲಿಸಬಲ್ಲ ಅಫೀಮಿನಂಥ ಔಷಧ. ಅದರ ಪರಿಣಾಮ ತಡೆಯುವ ನಲೋಕ್ಸೋನ್ ಮೂಗಿನ ಸ್ಪ್ರೇ ಡಾಕ್ಟರ್ ಚೀಟಿ ಇಲ್ಲದೆ ಸಿಗುತ್ತದೆ. ಇವತ್ತೇ ಒಂದು ತಂದಿಡಿ.