‘ಡ್ವೆಲ್’ಗೆ ಏನನ್ನೋಣ? ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವ ಕೈಪಿಡಿಯ ಪದಗಳು

ಪ್ರಶ್ನೆ:
ಹಳೆಯ ಕಾರಿನಲ್ಲಿ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನಿಂದ ಪಾಯಿಂಟ್ (ಕರೆಂಟ್ ಕಡಿಯುವ ಪುಟ್ಟ ಸ್ವಿಚ್), ಕಂಡೆನ್ಸರ್ ತೆಗೆದು ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸುವ ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ಪಾಯಿಂಟಿಗೆ ‘ಸಂಪರ್ಕ ಬಿಂದು’, ಇಗ್ನಿಷನ್‌ಗೆ ‘ದಹನ’, ಅರ್ತಿಗೆ ‘ಭೂಸಂಪರ್ಕ’, ಅಡ್ವಾನ್ಸ್ ಮಾಡುವುದಕ್ಕೆ ‘ಮುಂದಕ್ಕೆ ಹಾಕುವುದು’ ಎಂದಿದೆ. ಡ್ವೆಲ್‌ಗೆ ‘ವಾಸಕೋನ’ ಎಂದು ಬರೆದಿದ್ದೇವೆ, ಮನಸ್ಸು ಒಪ್ಪುತ್ತಿಲ್ಲ. ಓದುವವರು ಗ್ಯಾರೇಜಿನವರು, ಸ್ವತಃ ರಿಪೇರಿ ಮಾಡಿಕೊಳ್ಳುವ ಮಾಲೀಕರು. ತಿಳಿದವರು ತಿದ್ದಿಕೊಡಬೇಕು.

ಉತ್ತರ:
‘ಮುಂದಕ್ಕೆ ಹಾಕುವುದು’ ಎಂಬುದನ್ನು ಇವತ್ತೇ ತೆಗೆಯಿರಿ. ಮದುವೆ ಮುಂದಕ್ಕೆ ಹೋಯಿತು, ಪರೀಕ್ಷೆ ಮುಂದಕ್ಕೆ ಹಾಕಿದರು ಎಂದರೆ ಕನ್ನಡದಲ್ಲಿ ತಡವಾಯಿತು ಎಂದೇ ಅರ್ಥ. ಇಗ್ನಿಷನ್ ಅಡ್ವಾನ್ಸ್ ಎಂದರೆ ಇದರ ವಿರುದ್ಧ: ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ಇನ್ನಷ್ಟು ಡಿಗ್ರಿ ಬಾಕಿ ಇರುವಾಗಲೇ ಕಿಡಿ ಬೀಳಬೇಕು. ನಿಮ್ಮ ವಾಕ್ಯ ಓದಿದವರು ರಿಟಾರ್ಡ್, ಅಂದರೆ ತಡ, ಮಾಡಿಬಿಡುತ್ತಾರೆ. ಇಂಜಿನ್‌ಗೆ ಎಳೆತ ಇರುವುದಿಲ್ಲ, ಎಕ್ಸಾಸ್ಟ್ ವಿಪರೀತ ಕಾಯುತ್ತದೆ. ‘ಕಿಡಿ ಬೇಗ ಮಾಡಿ’, ‘ಕಿಡಿ ತಡ ಮಾಡಿ’ ಎಂದರೆ ಗೊಂದಲವಿಲ್ಲ. ಅಡ್ವಾನ್ಸ್, ರಿಟಾರ್ಡ್ ಎಂದೇ ಉಳಿಸಿದರೂ ಸರಿ. ಜೊತೆಗೆ ಕೈ ಮಾಡಬೇಕಾದ್ದನ್ನೂ ಹೇಳಿ: ಡಿಸ್ಟ್ರಿಬ್ಯೂಟರಿನೊಳಗಿನ ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ಡಿಸ್ಟ್ರಿಬ್ಯೂಟರಿನ ಮೈ ತಿರುಗಿಸಿದರೆ ಕಿಡಿ ಬೇಗ, ಅದೇ ದಿಕ್ಕಿಗೆ ತಿರುಗಿಸಿದರೆ ತಡ.

ಈಗ ಡ್ವೆಲ್. ಪಾಯಿಂಟ್ ಕೂಡಿರುವಾಗ ಕಿಡಿಗೆ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ನ ಪ್ರೈಮರಿಯಲ್ಲಿ (ಮೊದಲ ಸುರುಳಿಯಲ್ಲಿ) ಕರೆಂಟ್ ಹರಿದು ಕಾಂತಕ್ಷೇತ್ರ ಬೆಳೆಯುತ್ತದೆ. ಕ್ಯಾಮ್‌ನ ಉಬ್ಬು ಪಾಯಿಂಟನ್ನು ಬಿಡಿಸಿದ ಕ್ಷಣ ಕರೆಂಟ್ ಕಡಿದು ಆ ಕ್ಷೇತ್ರ ಕುಸಿಯುತ್ತದೆ, ಸೆಕೆಂಡರಿಯಲ್ಲಿ (ಎರಡನೆಯ ಸುರುಳಿಯಲ್ಲಿ) ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಕಿಡಿ ಬೀಳುವುದು ಕೂಡಿದಾಗಲ್ಲ, ಬಿಟ್ಟಾಗ. ‘ಸಂಪರ್ಕ ಬಿಂದು’ ಎಂಬ ಪದ ಓದುಗರನ್ನು ದಾರಿ ತಪ್ಪಿಸುವುದು ಇಲ್ಲೇ. ಪಾಯಿಂಟ್ ಎಂದೇ ಬರೆಯಿರಿ. ‘ಪ್ಲಾಟಿನಂ’ ಎನ್ನುವವರೂ ಇದ್ದಾರೆ, ಆದರೆ ಬಹುತೇಕ ಪಾಯಿಂಟ್‌ಗಳ ತುದಿ ಟಂಗ್‌ಸ್ಟನ್ನಿನದು.

ಹೀಗೆ ಪಾಯಿಂಟ್ ಕೂಡಿರುವಷ್ಟು ಹೊತ್ತು ಕ್ಯಾಮ್ ತಿರುಗುವ ಕೋನವೇ ಡ್ವೆಲ್. ನಾಲ್ಕು ಸಿಲಿಂಡರ್ ಇಂಜಿನ್‌ನಲ್ಲಿ ಒಂದೊಂದು ಕಿಡಿಗೆ 90 ಡಿಗ್ರಿ ಪಾಲು. ಅದರಲ್ಲಿ ಸುಮಾರು 50ರಿಂದ 60 ಡಿಗ್ರಿ ಕೂಡಿರುತ್ತದೆ, ಉಳಿದದ್ದು ಬಿಟ್ಟಿರುತ್ತದೆ. ‘ವಾಸ’ಕ್ಕೂ ಇದಕ್ಕೂ ಸಂಬಂಧವಿಲ್ಲ. ‘ಕೂಡುಕೋನ’ ಎನ್ನಬಹುದಿತ್ತು, ಆದರೆ ಮಾಡ್ಯೂಲ್ ಬಂದ ಮೇಲೆ ಕೂಡುವ ವಸ್ತುವೇ ಇರುವುದಿಲ್ಲ. ಅಲ್ಲಿ ಟ್ರಾನ್ಸಿಸ್ಟರ್ ಕರೆಂಟ್ ಹರಿಸಿ ಕಡಿಯುತ್ತದೆ. ಎರಡರಲ್ಲೂ ಉಳಿಯುವುದು ಕಾಯಿಲ್ ತುಂಬುವ ಕೆಲಸ. ಅದಕ್ಕೇ ‘ತುಂಬುಕೋನ’ ಎಂದು ನನ್ನ ಸಲಹೆ. ಈ ಪದವಿದ್ದರೆ ದೋಷಗಳನ್ನು ವಿವರಿಸುವುದೂ ಸಲೀಸು. ತುಂಬುಕೋನ ಸಾಲದಿದ್ದರೆ ವೇಗ ಏರಿದಾಗ ಕಾಯಿಲ್ ಅರ್ಧಂಬರ್ಧ ತುಂಬಿ ಕಿಡಿ ಸೊರಗುತ್ತದೆ. ಹೆಚ್ಚಾದರೆ ಕಾಯಿಲ್ ಬಿಸಿಯಾಗುತ್ತದೆ. ಇಂಜಿನ್ ಓಡದೆ ಸ್ವಿಚ್ ಆನ್ ಇದ್ದರೆ, ಕರೆಂಟನ್ನು ತಾನಾಗಿ ಕಡಿಯದ ಸರಳ ಮಾಡ್ಯೂಲ್‌ಗಳಲ್ಲಿ ಕಾಯಿಲ್ ತುಂಬುತ್ತಲೇ ಇದ್ದು, ಕೊನೆಗೆ ಅದೋ ಮಾಡ್ಯೂಲೋ ಸುಟ್ಟುಹೋಗಬಹುದು. ಈ ಎಚ್ಚರಿಕೆ ಕೈಪಿಡಿಯ ಮೊದಲ ಪುಟದಲ್ಲೇ ಇರಲಿ.

‘ಗ್ಯಾಪ್’ ಬಗ್ಗೆ ನೀವು ಕೇಳಿಲ್ಲ, ಆದರೆ ಕರಡಿನಲ್ಲಿ ಯಾವ ಗ್ಯಾಪ್ ಎಂದು ಹೇಳದೆ ಅದು ಬಂದಿದ್ದರೆ ತಿದ್ದಲೇಬೇಕು. ಈ ಕೆಲಸದಲ್ಲಿ ಗ್ಯಾಪ್ ಮೂರು. ಪಾಯಿಂಟ್ ಗ್ಯಾಪ್ ಸಾಮಾನ್ಯವಾಗಿ 0.35–0.40 ಮಿ.ಮೀ. ಪ್ಲಗ್ ಗ್ಯಾಪ್ ಬಹಳಷ್ಟು ಹಳೆ ಕಾರುಗಳಲ್ಲಿ 0.6 ಮಿ.ಮೀ. ಆಸುಪಾಸು. ಮೂರನೆಯದು ಶಾಫ್ಟಿನ ಆಯಸ್ಕಾಂತದ ಉಂಗುರಕ್ಕೂ ಸೆನ್ಸರಿಗೂ ನಡುವಣ ಸಂದು. ಇದನ್ನು ‘ಸೆನ್ಸರ್ ಗ್ಯಾಪ್’ ಎನ್ನಿ, ಕಿಟ್ ಹೇಳಿದಷ್ಟೇ ಇಡಲು ಹೇಳಿ. ಅದನ್ನು ಅಳೆಯಲು ಪ್ಲಾಸ್ಟಿಕ್ ಗೇಜ್ ಬೇಕು, ಉಕ್ಕಿನದು ಆಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಪಾಯಿಂಟ್ ತೆಗೆದು ಮಾಡ್ಯೂಲ್ ಹಾಕುವುದು ಯಾಕೆ ಎಂಬ ಪ್ರಶ್ನೆಗೂ ಉತ್ತರ ಗ್ಯಾಪ್‌ನಲ್ಲೇ ಇದೆ. ಕ್ಯಾಮ್‌ಗೆ ಉಜ್ಜುವ ಪಾಯಿಂಟಿನ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗಿ, ಪಾಯಿಂಟ್ ತಡವಾಗಿ ಬಿಡುತ್ತದೆ. ತುಂಬುಕೋನ ಒಂದು ಡಿಗ್ರಿ ಹೆಚ್ಚಿದರೆ ಕಿಡಿ ಕ್ರ್ಯಾಂಕ್‌ನಲ್ಲಿ ಸುಮಾರು ಒಂದು ಡಿಗ್ರಿ ತಡ. ಮಾಡ್ಯೂಲ್‌ನಲ್ಲಿ ಉಜ್ಜುವ ಭಾಗವಿಲ್ಲ, ಆದ್ದರಿಂದ ಒಮ್ಮೆ ಇಟ್ಟದ್ದು ನಿಲ್ಲುತ್ತದೆ.

‘ದಹನ’ ಬೇಡ. ಅದು ಸಿಲಿಂಡರಿನೊಳಗೆ ಉರಿಯುವ ಕ್ರಿಯೆ. ‘ದಹನ ಸಮಯ’ ಎಂದರೆ ಎಷ್ಟು ಹೊತ್ತು ಉರಿಯಿತು ಎಂದಾಗುತ್ತದೆ. ಬರೀ ‘ಟೈಮಿಂಗ್’ ಎಂದರೂ ಕೆಲವರ ಕೈ ಟೈಮಿಂಗ್ ಚೈನ್ ಕಡೆ ಹೋಗುತ್ತದೆ. ‘ಇಗ್ನಿಷನ್ ಟೈಮಿಂಗ್’ ಎಂದು ಪೂರ್ತಿ ಬರೆಯಿರಿ. ಮಾಡ್ಯೂಲ್ ಹಾಕಿದ ಮೇಲೆ ಅದನ್ನು ಹೊಸದಾಗಿ ಇಡಲೇಬೇಕು, ಏಕೆಂದರೆ ಸೆನ್ಸರ್ ಎಚ್ಚರಗೊಳ್ಳುವ ಜಾಗವೂ ಪಾಯಿಂಟ್ ಬಿಡುತ್ತಿದ್ದ ಜಾಗವೂ ಒಂದೇ ಅಲ್ಲ. ಇಂಜಿನ್ನಿನ ನಿರ್ವಾತ ಎಳೆದು ಕಿಡಿ ಬೇಗ ಮಾಡುವ ವ್ಯಾಕ್ಯೂಮ್ ಪೈಪ್ ಕಳಚಿ, ಅದರ ಬಾಯಿ ಮುಚ್ಚಿ, ತಯಾರಕರು ಹೇಳಿದ ವೇಗದಲ್ಲಿ, ಕಿಡಿಯ ಜೊತೆಗೇ ಮಿನುಗುವ ಸ್ಟ್ರೋಬ್ ಲೈಟ್ ಹಿಡಿದು ನೋಡಬೇಕು.

‘ಭೂಸಂಪರ್ಕ’ವೂ ಸಲ್ಲದು. ಕಾರಿನಲ್ಲಿ ನೆಲಕ್ಕೆ ಯಾವ ತಂತಿಯೂ ಹೋಗುವುದಿಲ್ಲ, ಬ್ಯಾಟರಿಯ ಒಂದು ತುದಿ ಕಾರಿನ ಲೋಹದ ಬಾಡಿಗೆ ಸೇರಿರುತ್ತದೆ. ಯಾವ ತುದಿ ಎಂಬುದು ಇಲ್ಲಿ ಜೀವಾಳ: ಹಲವು ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಸೇರಿದ್ದು ಪಾಸಿಟಿವ್. ಅಂಥ ಕಾರಿಗೆ ನೆಗೆಟಿವ್ ಅರ್ತಿನ ಮಾಡ್ಯೂಲ್ ಹಾಕಿದರೆ ಸ್ವಿಚ್ ಆನ್ ಮಾಡುತ್ತಲೇ ಅದು ಕೆಟ್ಟುಹೋಗಬಹುದು. ‘ಬಾಡಿ ಅರ್ತ್’ ಎಂದು ಬರೆದು, ‘ಬಾಡಿಗೆ ಪಾಸಿಟಿವ್’ ಅಥವಾ ‘ಬಾಡಿಗೆ ನೆಗೆಟಿವ್’ ಎಂದು ಬಿಡಿಸಿ ಹೇಳಿ. ಡಿಸ್ಟ್ರಿಬ್ಯೂಟರ್ ಒಳಗಿನ ಪ್ಲೇಟಿಗೆ ಬರುವ ಸಣ್ಣ ಅರ್ತ್ ವಯರನ್ನೂ ಹೆಸರಿಸಿ. ವ್ಯಾಕ್ಯೂಮ್ ಎಳೆದಾಗಲೆಲ್ಲ ಅದು ಬಾಗಿ ಬಾಗಿ ಹೊದಿಕೆಯೊಳಗೇ ತುಂಡಾಗುತ್ತದೆ, ಆಮೇಲೆ ಇಂಜಿನ್ ಆಗೊಮ್ಮೆ ಈಗೊಮ್ಮೆ ಮಿಸ್ ಹೊಡೆದಾಗ ಎಲ್ಲರೂ ಹೊಸ ಮಾಡ್ಯೂಲನ್ನೇ ದೂರುತ್ತಾರೆ.

ಮತ್ತೊಬ್ಬರ ಉತ್ತರ:
‘ತುಂಬುಕೋನ’ ಒಪ್ಪಿಗೆ. ಆದರೆ ಮೀಟರಿನ ಮುಖದ ಮೇಲೆ ಡ್ವೆಲ್ ಎಂದೇ ಇರುತ್ತದೆ. ಮೊದಲ ಬಾರಿ ಬರುವಲ್ಲಿ ಎರಡನ್ನೂ ಜೊತೆಗೆ ಬರೆಯಿರಿ.

ಕಾಯಿಲ್‌ಗೆ ಹೋಗುವ ವೋಲ್ಟೇಜ್ ಇಳಿಸುವ ಬ್ಯಾಲಸ್ಟ್ ರೆಸಿಸ್ಟರ್ ಬಗ್ಗೆ ಬರೆಯುವಾಗ ‘ಮೊದಲು’, ‘ನಂತರ’ ಎನ್ನಬೇಡಿ. ಕೆಲಸದ ಕ್ರಮ ಎಂದುಕೊಳ್ಳುತ್ತಾರೆ. ‘ಸ್ವಿಚ್ ಕಡೆ’, ‘ಕಾಯಿಲ್ ಕಡೆ’ ಎನ್ನಿ. ಬಾಡಿಗೆ ನೆಗೆಟಿವ್ ಇರುವ ಕಾರಿನಲ್ಲಿ ಎರಡು ವಯರಿನ ಮಾಡ್ಯೂಲ್ ಆದರೆ ಕೆಂಪು ವಯರ್ ಸ್ವಿಚ್ ಕಡೆಗೆ ಸೇರಿ ಪೂರ್ತಿ 12 ವೋಲ್ಟ್ ಪಡೆಯಬೇಕು, ಕಪ್ಪು ವಯರ್ ಕಾಯಿಲ್‌ನ ನೆಗೆಟಿವ್‌ಗೆ. ಕೆಂಪು ವಯರನ್ನು ಕಾಯಿಲ್ ಕಡೆ ಸೇರಿಸಿದರೆ ವೋಲ್ಟೇಜ್ ಸಾಲದೆ ಮಾಡ್ಯೂಲ್ ಕೈಕೊಡಬಹುದು. ಕೆಲವು ಕಾರುಗಳಲ್ಲಿ ಬ್ಯಾಲಸ್ಟ್ ಕಣ್ಣಿಗೆ ಬೀಳುವುದಿಲ್ಲ, ವಯರಿಂಗ್ ಒಳಗಿನ ತಂತಿಯೇ ಬ್ಯಾಲಸ್ಟ್. ಹಳೆ ಪಾಯಿಂಟ್ ಇನ್ನೂ ಇರುವಾಗ, ಅದು ಕೂಡಿರುವಂತೆ ಇಂಜಿನ್ ತಿರುಗಿಸಿಟ್ಟು, ಸ್ವಿಚ್ ಆನ್ ಮಾಡಿ ಕಾಯಿಲ್‌ನ ಪಾಸಿಟಿವ್‌ನಲ್ಲಿ ಅಳೆಯಿರಿ. ಬ್ಯಾಟರಿಗಿಂತ ಬಹಳ ಕಡಿಮೆ, 6ರಿಂದ 9 ವೋಲ್ಟ್ ಬಂದರೆ ಎಲ್ಲೋ ಬ್ಯಾಲಸ್ಟ್ ಇದೆ. ಕಾಯಿಲ್‌ನ ಪ್ರೈಮರಿಯನ್ನೂ ಓಮ್‌ನಲ್ಲಿ ಅಳೆಸಿ: ಬ್ಯಾಲಸ್ಟ್ ಬೇಡದ 12 ವೋಲ್ಟ್ ಕಾಯಿಲ್ 3 ಓಮ್ ಸುತ್ತಮುತ್ತ, ಬ್ಯಾಲಸ್ಟ್ ಬೇಕಾದದ್ದು ಸುಮಾರು 1.5. ಮಾಡ್ಯೂಲ್ ಕೇಳುವ ಕನಿಷ್ಠಕ್ಕಿಂತ ಅದು ಕಡಿಮೆ ಇರಕೂಡದು.

ಕೈಪಿಡಿಯ ಹೆಸರಿನಲ್ಲಿ ‘ಎಲೆಕ್ಟ್ರಾನಿಕ್ ಇಗ್ನಿಷನ್’ ಇರಲಿ, ಆದರೆ ಬದಲಾಗುವುದು ಸ್ವಿಚ್ ಮಾತ್ರ ಎಂದು ಒಳಗೆ ಬರೆಯಿರಿ. ಅಡ್ವಾನ್ಸ್ ಮಾಡುವ ತೂಕಗಳು, ಸ್ಪ್ರಿಂಗ್‌ಗಳು, ರೋಟರ್, ಕ್ಯಾಪ್ ಎಲ್ಲ ಹಳೆಯವೇ. ಮಾಡ್ಯೂಲ್ ಹಾಕುವ ಮುಂಚೆ ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಅಡ್ಡಡ್ಡ ಅಲ್ಲಾಡಿಸಿ ನೋಡಲು ಹೇಳಿ. ಎದ್ದು ಕಾಣುವಷ್ಟು ಆಟವಿದ್ದರೆ ಮೊದಲು ಶಾಫ್ಟ್ ಕೂತು ತಿರುಗುವ ಬುಷ್ ಬದಲಿಸಬೇಕು.